ಒಂದೇ ಕೊದಿಲು, ಐದು ಹುಳಿ

ನಮ್ಮ ಮನೆಯಲ್ಲಿ ರಾತ್ರಿಯ ಊಟಕ್ಕೆ ಕುಚ್ಚಲಕ್ಕಿ ಅನ್ನದ ಜೊತೆ ವಾರದಲ್ಲಿ ಮೂರು ದಿನವಾದರೂ ಕೊದಿಲು ಇರುತ್ತದೆ. ತೆಂಗಿನಕಾಯಿಯನ್ನು ಕೆಂಪಗೆ ಹುರಿದು ಅರೆದು ಮಾಡುವ ಈ ಪದಾರ್ಥಕ್ಕೆ ಯಾವ ಹುಳಿ ಹಾಕಬೇಕೆಂಬ ವಿಷಯದಲ್ಲಿ ಮಾತ್ರ ಮನೆಯ ಐವರಲ್ಲಿ ಒಮ್ಮತವಿಲ್ಲ. ಅತ್ತೆಗೆ ಹುಣಸೆಹಣ್ಣಲ್ಲದೆ ಬೇರೆ ಹುಳಿ ಹುಳಿಯೇ ಅಲ್ಲ. ಮಾವನಿಗೆ ಗುಡ್ಡೆಯ ಪುನರ್ಪುಳಿ ಇರುವಾಗ ದುಡ್ಡು ಕೊಟ್ಟು ಹುಣಸೆ ತರುವುದು ಅಪವ್ಯಯ. ಮಗಳು ಬಾವಿಕಟ್ಟೆಯ ಪಕ್ಕದ ಬಿಂಬುಳಿ ಮರದ ಪಕ್ಷ. ನಮ್ಮ ಯಜಮಾನರು ಊಟ ಎಂಟೂವರೆಗೆ ತಯಾರಾದರೆ ಸಾಕು ಎನ್ನುವವರು. ಶಿರಸಿ ಕಡೆಯಿಂದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಈ ಮನೆಗೆ ಬಂದ ನಾನು ಹದಿನೈದು ವರ್ಷ ಎಲ್ಲರ ಮಾತನ್ನೂ ಕೇಳಿ, ಕಳೆದ ಮಳೆಗಾಲದಲ್ಲಿ ಐದು ಹುಳಿಗಳನ್ನು ಒಂದೇ ಕೊದಿಲಿನಲ್ಲಿ ಒಂದೊಂದಾಗಿ ಪರೀಕ್ಷಿಸಿ ನೋಡುವುದೆಂದು ನಿಶ್ಚಯಿಸಿದೆ.

ಹುಳಿಯೊಂದು ಬಿಟ್ಟು ಉಳಿದದ್ದೆಲ್ಲವೂ ಒಂದೇ ರೀತಿ ಇರಬೇಕೆಂಬುದು ನಾನು ಹಾಕಿಕೊಂಡ ಕಟ್ಟಳೆ. ಪ್ರತಿ ಸಲವೂ ಅರ್ಧ ಕಿಲೋ ಮಂಗಳೂರು ಸೌತೆಕಾಯಿ, ಒಂದು ಹೋಳು ತೆಂಗಿನಕಾಯಿಯ ತುರಿ, ಆರು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಉದ್ದಿನಬೇಳೆ, ಅರ್ಧ ಚಮಚ ಜೀರಿಗೆ, ಹತ್ತು ಕಾಳು ಮೆಂತೆ, ಚಿಟಿಕೆ ಇಂಗು, ಹುರಿಯುವುದಕ್ಕೂ ಒಗ್ಗರಣೆಗೂ ತೆಂಗಿನೆಣ್ಣೆ. ಸೌತೆಕಾಯಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದಕ್ಕೆ ತನ್ನದೆಂದು ಹೇಳುವಂಥ ಬಲವಾದ ರುಚಿಯಿಲ್ಲ. ಬದನೆಯನ್ನೋ ಹಾಗಲಕಾಯಿಯನ್ನೋ ತೆಗೆದುಕೊಂಡಿದ್ದರೆ ಹುಳಿಯ ವ್ಯತ್ಯಾಸ ಅವುಗಳ ರುಚಿಯ ಹಿಂದೆ ಅಡಗಿಬಿಡುತ್ತಿತ್ತು. ಹುಳಿಗಳನ್ನು ತೂಕದಲ್ಲಿ ಸಮ ಮಾಡುವುದು ಸಾಧ್ಯವಿಲ್ಲದ ಕಾರಣ ನಾಲಿಗೆಯಲ್ಲೇ ಸಮ ಮಾಡಿಕೊಂಡೆ. ಇಪ್ಪತ್ತು ಗ್ರಾಂ ಹುಣಸೆಹಣ್ಣನ್ನು ಒಂದು ಲೋಟ ಬಿಸಿನೀರಿನಲ್ಲಿ ಕಿವುಚಿದ ನೀರು ಎಷ್ಟು ಹುಳಿಯಿರುತ್ತದೋ ಅಷ್ಟೇ ಹುಳಿ ಬರುವವರೆಗೆ ಉಳಿದವನ್ನೂ ಒಂದೊಂದು ಲೋಟ ನೀರಿನಲ್ಲಿ ನೆನೆಸಿಯೋ ಬೇಯಿಸಿಯೋ ನೋಡಿದೆ. ಪುನರ್ಪುಳಿಯ ಒಣಸಿಪ್ಪೆ ಎಂಟು, ಕುಡಂಪುಳಿ ಎರಡು ದೊಡ್ಡ ತುಂಡು, ಬಿಂಬುಳಿ ಏಳು, ಅಂಬಟೆ ನಾಲ್ಕು ಎಂದು ಲೆಕ್ಕ ನಿಂತಿತು.

ಮೊದಲ ದಿನ ಅತ್ತೆಯ ಹುಣಸೆ. ಹುಣಸೆಮರಕ್ಕೆ ನಮ್ಮಂಥ ವಿಪರೀತ ಮಳೆಯ ಊರಿಗಿಂತ ಒಣಹವೆಯೇ ಹಿತವಾದುದರಿಂದ ಇಲ್ಲಿಯ ಅಂಗಡಿಗಳಿಗೆ ಬರುವ ಒಳ್ಳೆಯ ಹಣ್ಣು ಘಟ್ಟದ ಮೇಲಿನ ಬಯಲುಸೀಮೆಯದು. ಅತ್ತೆ ಅದನ್ನು ಬೇಸಗೆಯಲ್ಲೇ ತರಿಸಿ, ಬೀಜ ತೆಗೆದು, ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ತುಂಬಿಡುತ್ತಾರೆ. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು. ಆದರೆ ಹುಣಸೆಹಣ್ಣಿನಲ್ಲಿ ಆಮ್ಲದ ಜೊತೆಗೆ ಸಕ್ಕರೆಯ ಅಂಶವೂ ತಿರುಳೂ ಸಾಕಷ್ಟಿರುವುದರಿಂದ ಅದರ ನೀರು ಬರಿಯ ಹುಳಿನೀರಾಗಿರದೆ ಕೊದಿಲಿಗೆ ಮೈ ಕೊಡುತ್ತದೆ. ಹುರಿದ ಕಾಯಿಯ ಎಣ್ಣೆಯೂ ಆ ತಿರುಳೂ ಹೊಂದಿಕೊಂಡು ರಸ ಅನ್ನದ ಮೇಲೆ ನಿಲ್ಲುತ್ತದೆ, ಬಟ್ಟಲಿನ ತಳಕ್ಕೆ ಇಳಿದು ಹೋಗುವುದಿಲ್ಲ. ಹುಳಿಯೂ ಬಾಯಿಗಿಟ್ಟ ಕ್ಷಣದಲ್ಲಿ ಚುಚ್ಚದೆ, ಮೆಣಸಿನ ಖಾರ ಮುಗಿಯುವ ಹೊತ್ತಿಗೆ ನಿಧಾನವಾಗಿ ಬರುತ್ತದೆ. ಇದರ ದೋಷವೆಂದರೆ ಬೆಲ್ಲ. ಹುಣಸೆ ಹಾಕಿದ ದಿನ ಸಣ್ಣ ನೆಲ್ಲಿಕಾಯಿ ಗಾತ್ರದ ಬೆಲ್ಲವಿಲ್ಲದೆ ರುಚಿ ಕೂಡಲಿಲ್ಲ. ಉಳಿದ ನಾಲ್ಕಕ್ಕೂ ಅಷ್ಟು ಬೇಕಾಗಲಿಲ್ಲ. ಶಾಲೆಯಿಂದ ಬಂದು ಅಡಿಗೆಗೆ ನಿಲ್ಲುವ ನನ್ನಂಥವಳಿಗೆ ನೆನೆಸಿ, ಕಿವುಚಿ, ಸೋಸುವ ಕೆಲಸವೂ ಒಂದು ಹೊರೆಯೇ ಸರಿ.

ಎರಡನೆಯ ಸಲ ಪುನರ್ಪುಳಿ. ಇದನ್ನು ನನ್ನ ತವರಿನ ಶಿರಸಿ ಕಡೆ ಮುರುಗಲು ಎನ್ನುತ್ತೇವೆ, ಕೊಂಕಣದ ಕಡೆ ಕೋಕಂ ಎಂದೂ ಕರೆಯುವುದುಂಟು. ಮನೆಯ ಸಿಪ್ಪೆ ಮುಗಿದಿದ್ದರಿಂದ ಪೇಟೆಯ ಅಂಗಡಿಯಿಂದ ತಂದದ್ದು ನನ್ನ ಮೊದಲ ತಪ್ಪು. ಅಂಗಡಿಯ ಸಿಪ್ಪೆಗೆ ಕೆಡದಿರಲೆಂದು ಉಪ್ಪು ಬೆರೆಸಿ ಒಣಗಿಸುವ ರೂಢಿಯಿದೆ. ಅದನ್ನು ಮರೆತು ಎಂದಿನಷ್ಟೇ ಉಪ್ಪು ಹಾಕಿ, ಆ ರಾತ್ರಿ ಐವರೂ ಮಜ್ಜಿಗೆಯಲ್ಲೇ ಊಟ ಮುಗಿಸಬೇಕಾಯಿತು. ಎರಡನೆಯ ತಪ್ಪು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ್ದು. ಪುನರ್ಪುಳಿಯ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ ಬರುವಂಥದ್ದು, ಕಬ್ಬಿಣದ ಜೊತೆ ಸೇರಿದರೆ ಅದು ಕಪ್ಪುನೇರಳೆಯ ಕಡೆಗೆ ತಿರುಗುತ್ತದೆ. ಮೂರು ದಿನ ಬಿಟ್ಟು ನೆರೆಮನೆಯಿಂದ ಉಪ್ಪಿಲ್ಲದ ಸಿಪ್ಪೆ ತಂದು ಮಣ್ಣಿನ ಪಾತ್ರೆಯಲ್ಲಿ ಮತ್ತೆ ಮಾಡಿದೆ.

ಈ ಸಲದ ಕೊದಿಲು ಇಟ್ಟಿಗೆಯ ಬಣ್ಣಕ್ಕೆ ಬಂದು ನೋಡುವುದಕ್ಕೆ ಐದರಲ್ಲೂ ಚೆಂದವಿತ್ತು. ರುಚಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಮಾವನಿಗೆ ಒಪ್ಪಿಗೆಯಾಗಲಿಲ್ಲ. ಪುನರ್ಪುಳಿಯ ಹುಳಿ ತೆಳುವಾದದ್ದು, ಚುರುಕಾದದ್ದು, ಹಿಂದೆಯೇ ಸ್ವಲ್ಪ ಒಗರು ಉಳಿಸಿಹೋಗುವಂಥದ್ದು. ಹುರಿದ ಕಾಯಿಯ ದಪ್ಪ ಮಸಾಲೆಯಲ್ಲಿ ಅದು ಬೆರೆಯದೆ ಮೇಲೆಯೇ ತೇಲುತ್ತದೆ. ಕಾಯಿಯ ರುಚಿ ಒಂದು ಕಡೆ, ಹುಳಿ ಇನ್ನೊಂದು ಕಡೆ. ಅದೇ ಸಿಪ್ಪೆಯನ್ನು ಬರಿಯ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಹಸಿಮೆಣಸು ಸೀಳಿ ಹಾಕಿ, ಬೆಲ್ಲ ಉಪ್ಪು ಸೇರಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟ ಸಾರಿನ ಮುಂದೆ ಹುಣಸೆಯ ಸಾರು ಮಂಕಾಗಿ ಕಾಣುತ್ತದೆ. ಮರೆಮಾಡುವ ಕಾಯಿಯಾಗಲಿ ಬೇಳೆಯಾಗಲಿ ಇಲ್ಲದ ಕಡೆ ಇದಕ್ಕೆ ಸಾಟಿಯಿಲ್ಲವೆಂದು ನಾನೂ ಒಪ್ಪುತ್ತೇನೆ. ಅಡಿಗೆಯವರ ಅನುಕೂಲದಿಂದ ನೋಡಿದರೆ ಇದೇ ಮೇಲು: ಕಿವುಚುವುದಿಲ್ಲ, ಸೋಸುವುದಿಲ್ಲ, ತೊಳೆದು ಹಾಕಿ ಕುದಿ ಬಂದ ಮೇಲೆ ಸೌಟಿನಿಂದ ಎತ್ತಿ ತೆಗೆದರಾಯಿತು. ತೆಗೆಯಲು ಮರೆತರೆ ಮಾತ್ರ ರಾತ್ರಿಯ ಹದವಾದ ಹುಳಿ ಬೆಳಗಾಗುವಷ್ಟರಲ್ಲಿ ಹಲ್ಲು ಚಳಿಸುವ ಹುಳಿಯಾಗಿರುತ್ತದೆ.

ಕುಡಂಪುಳಿ ಈ ಸ್ಪರ್ಧೆಗೆ ಬಂದದ್ದು ಆಕಸ್ಮಿಕವಾಗಿ. ನಮ್ಮ ಶಾಲೆಗೆ ಕೋಟ್ಟಯಂ ಕಡೆಯಿಂದ ವರ್ಗವಾಗಿ ಬಂದ ಟೀಚರೊಬ್ಬರು ಊರಿನಿಂದ ಬರುವಾಗ ಒಂದು ಪೊಟ್ಟಣ ತಂದುಕೊಟ್ಟು, ಮೀನಿನ ಕರಿಗೆ ಇದಿಲ್ಲದೆ ಆಗುವುದೇ ಇಲ್ಲ, ನಿಮ್ಮ ತರಕಾರಿಗೆ ಏನಾಗುತ್ತದೋ ನೋಡಿ ಎಂದರು. ಪೊಟ್ಟಣ ಬಿಚ್ಚಿದಾಗ ಮೂಗಿಗೆ ಬಡಿದ ಹೊಗೆಯ ವಾಸನೆ ನನ್ನ ತವರುಮನೆಯ ಅಟ್ಟದ್ದು! ಕುಡಂಪುಳಿಯೆಂದರೆ ನಮ್ಮ ಉಪ್ಪಾಗೆಯೇ. ಅದರ ಬೀಜದಿಂದ ತೆಗೆದ ತುಪ್ಪವನ್ನು ದೋಸೆಗೆ ಹಚ್ಚಿಕೊಂಡು ಬೆಳೆದ ನಾನು, ಸಿಪ್ಪೆಯನ್ನು ವ್ಯಾಪಾರಿಗೆ ಕೊಡುವ ಸರಕೆಂದಷ್ಟೇ ತಿಳಿದಿದ್ದೆ. ಪಾತ್ರೆಗೆ ಹಾಕಿದ್ದು ಇದೇ ಮೊದಲು.

ಪುನರ್ಪುಳಿಯೂ ಕುಡಂಪುಳಿಯೂ ಒಂದೇ ಗಾರ್ಸಿನಿಯಾ ಕುಲದ ಮರಗಳು. ಎರಡರ ಸಿಪ್ಪೆಯಲ್ಲೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. ಹಾಗಿದ್ದೂ ರುಚಿ ಅಜಗಜಾಂತರವಾಗುವುದಕ್ಕೆ ಮುಖ್ಯ ಕಾರಣ ಹಣ್ಣಾಗುವ ಕಾಲ. ಪುನರ್ಪುಳಿ ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ, ಜೂನ್ ಮೊದಲ ವಾರದ ಮಳೆಗೆ ಮುಂಚೆ ಅಂಗಳದ ಬಿಸಿಲಿನಲ್ಲಿ ಒಣಗಿಬಿಡುತ್ತದೆ. ಕುಡಂಪುಳಿ ಹಣ್ಣಾಗುವುದೇ ಮಳೆಗಾಲದಲ್ಲಿ. ಬಿಸಿಲನ್ನು ನಂಬಿದರೆ ಬೂಸು ಹಿಡಿಯುವುದು ಖಂಡಿತವಾದ್ದರಿಂದ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುತ್ತಾರೆ. ಆ ಕಪ್ಪೂ ಆ ವಾಸನೆಯೂ ಮಳೆ ಕೊಟ್ಟದ್ದು.

ಟೀಚರ್ ಹೇಳಿದಂತೆ ಮೊದಲೇ ಹಾಕಿ ಬೇಯಿಸಿದೆ. ಮುಕ್ಕಾಲು ಗಂಟೆಯಾದರೂ ಸೌತೆಯ ಹೋಳು ಚಮಚಕ್ಕೆ ಸಿಗದೆ ಜಾರುತ್ತಿತ್ತು. ಹುಳಿಯಲ್ಲಿ ತರಕಾರಿ ಬೇಗ ಮೆತ್ತಗಾಗುವುದಿಲ್ಲ, ಬೇಳೆಯೂ ಅಷ್ಟೇ; ಹೋಳು ಬೆಂದ ಮೇಲೆಯೇ ಹುಳಿ ಹಾಕಬೇಕೆಂದು ಅತ್ತೆ ಹದಿನೈದು ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ. ಮೀನಿಗೆ ಮೊದಲೇ ಹಾಕುವುದರಲ್ಲಿ ಅರ್ಥವಿದೆ, ಏಕೆಂದರೆ ಅಲ್ಲಿ ಹುಳಿ ಮೀನಿನ ತುಂಡನ್ನು ಬಿಗಿ ಮಾಡಿ ಪುಡಿಯಾಗದಂತೆ ಹಿಡಿಯುತ್ತದೆ. ಸೌತೆಗೆ ಆ ಉಪಕಾರ ಬೇಡ. ಎರಡನೆಯ ಸಲ ತುಂಡುಗಳನ್ನು ಬೇರೆ ಪಾತ್ರೆಯಲ್ಲಿ ನೀರಿನೊಡನೆ ಕುದಿಸಿ, ಆ ಕಪ್ಪು ನೀರನ್ನು ಮಾತ್ರ ಬೆಂದ ಹೋಳಿಗೆ ಸೇರಿಸಿದೆ.

ಆ ರಾತ್ರಿ ಬಟ್ಟಲಿಗೆ ಬಿದ್ದ ಕೊದಿಲಿನ ಬಣ್ಣ ನೋಡಿ ಮಗಳು ಕಷಾಯವೇ ಎಂದು ಕೇಳಿದಳು. ಹೊಗೆಯ ವಾಸನೆ ಮೊದಲ ತುತ್ತಿಗೆ ಹೆಚ್ಚೆನಿಸಿತು, ಮೂರನೆಯ ತುತ್ತಿಗೆ ಹುರಿದ ಕಾಯಿಯ ಕಂಪಿನೊಡನೆ ಸೇರಿ ಕಟ್ಟಿಗೆ ಒಲೆಯ ಅಡಿಗೆಯ ನೆನಪು ತಂದಿತು. ಗ್ಯಾಸಿನ ಒಲೆಗೆ ಬಂದ ಮೇಲೆ ನಮ್ಮ ಅಡಿಗೆಯಿಂದ ಹೋದದ್ದೇನೋ ಹಿಂದೆ ಬಂದಂತೆ ನನಗನಿಸಿತು. ಇದರಲ್ಲಿ ತವರಿನ ಪಕ್ಷಪಾತವೂ ಇರಬಹುದು. ಮರುದಿನ ಬೆಳಿಗ್ಗೆ ಮಿಕ್ಕದ್ದನ್ನು ಕುದಿಸಿ ದೋಸೆಗೆ ಬಡಿಸಿದಾಗ ಪಕ್ಷಪಾತದ ಮಾತು ಬರಲಿಲ್ಲ. ಹೊಗೆ ತಗ್ಗಿ, ಹುಳಿ ಹೋಳಿನ ಒಳಗೆ ಇಳಿದು, ರಾತ್ರಿ ಮುಖ ಸಿಂಡರಿಸಿದ ಮಗಳೇ ಎರಡನೆಯ ಸಲ ಹಾಕಿಸಿಕೊಂಡಳು. ಮರುದಿನದ ಕೊದಿಲಿನಲ್ಲಿ ಹುಣಸೆಯನ್ನು ಮೀರಿಸಿದ್ದು ಐದರಲ್ಲಿ ಇದೊಂದೇ.

ಬಿಂಬುಳಿಗೆ ಹೆಚ್ಚು ಹೇಳುವುದಿಲ್ಲ. ಒಣಗಿಸದೆ ಹಸಿಯಾಗಿ ಹಾಕುವ ಕಾಯಿಯಾದ್ದರಿಂದ ಅದರ ನೀರಿಗೆ ಕೊದಿಲು ಸಡಿಲವಾಗುತ್ತದೆ, ಹಸಿಹುಲ್ಲಿನಂಥ ಒಂದು ಕಂಪು ಹುರಿದ ಮಸಾಲೆಗೆ ಒಗ್ಗದೆ ಉಳಿಯುತ್ತದೆ. ಹಸಿಕಾಯಿ, ಹಸಿಮೆಣಸು ಅರೆದ ಗೊಜ್ಜಿನಲ್ಲಿ ಅದೇ ಕಂಪು ಗುಣವಾಗುತ್ತದೆ. ಇದರಲ್ಲಿ ಆಕ್ಸಾಲಿಕ್ ಆಮ್ಲ ಬಹಳವಿದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು, ಮೂತ್ರಪಿಂಡ ದುರ್ಬಲವಾದವರು ಇದರಿಂದ ದೂರವಿರುವುದು ಲೇಸು, ಆರೋಗ್ಯವಂತರೂ ಇದರ ರಸವನ್ನು ಔಷಧವೆಂದು ಕುಡಿಯಬಾರದು. ಮಾವನ ಬಟ್ಟಲಿಗೆ ಆ ದಿನ ನಾನು ಬಡಿಸಲೇ ಇಲ್ಲ.

ಅಂಬಟೆಯದು ಇನ್ನೂ ಸಣ್ಣ ಕಥೆ. ಜಜ್ಜಿ ಹಾಕಿದರೆ ಅದು ಹುಳಿಯೂ ಹೌದು, ಹೋಳೂ ಹೌದು. ಗೊರಟು ಚೀಪುವ ಸುಖದಲ್ಲಿ ಸೌತೆಕಾಯಿಯನ್ನು ಯಾರೂ ಗಮನಿಸಲಿಲ್ಲ. ಒಂದು ತರಕಾರಿಯನ್ನು ಇನ್ನೊಂದರ ಜೊತೆ ಹೋಲಿಸಿದಂತಾಗಿ ನನ್ನ ಲೆಕ್ಕವೇ ತಪ್ಪಿತು. ಹುಳಿಮಜ್ಜಿಗೆಯನ್ನು ಏಕೆ ಸೇರಿಸಲಿಲ್ಲವೆಂದು ಕೇಳುವವರಿಗೆ, ಅದು ಹಸಿಕಾಯಿ ಅರೆಯುವ ಮೇಲಾರದ ಹುಳಿ, ಕೊದಿಲಿನದಲ್ಲ ಎಂಬಷ್ಟೇ ಉತ್ತರ. ಟೊಮೆಟೊ ಹಾಕುವವರೂ ಇದ್ದಾರೆ. ಅದನ್ನು ಹುಳಿಯೆಂದು ಒಪ್ಪಲು ಈ ಮನೆಯಲ್ಲಿ ಯಾರೂ ತಯಾರಿಲ್ಲ.

ಬೇರೆ ಬೇರೆ ದಿನದ ರುಚಿಯನ್ನು ನೆನಪಿನಿಂದ ಹೋಲಿಸುವುದು ನ್ಯಾಯವಲ್ಲವೆನಿಸಿ, ಒಂದು ಭಾನುವಾರ ಮಸಾಲೆಯನ್ನು ಒಟ್ಟಿಗೆ ಅರೆದು ಮೂರು ಪಾಲು ಮಾಡಿ, ಹುಣಸೆ, ಪುನರ್ಪುಳಿ, ಕುಡಂಪುಳಿಗಳಲ್ಲಿ ಮೂರು ಮಣ್ಣಿನ ಪಾತ್ರೆಗಳಲ್ಲಿ ಕೊದಿಲು ಮಾಡಿದೆ. ಬಣ್ಣ ಗುಟ್ಟು ಬಿಟ್ಟುಕೊಡದಿರಲೆಂದು ಅನ್ನದಲ್ಲಿ ಕಲಸಿಯೇ ಬಡಿಸಿದೆ. ಮಾವ ಎರಡು ಸಲ ಹೊಗಳಿ ಪುನರ್ಪುಳಿಯೆಂದು ಹೇಳಿದ ತುತ್ತು ಹುಣಸೆಯದಾಗಿತ್ತು. ಅತ್ತೆ ಮೂರನ್ನೂ ಸರಿಯಾಗಿ ಗುರುತಿಸಿದರು, ಗೆದ್ದದ್ದು ಹುಣಸೆಯೇ ಎಂದು ಗೊತ್ತಾದಾಗ ಏನನ್ನೂ ಹೇಳದೆ ಕೈ ತೊಳೆಯಲು ಎದ್ದರು. ನನ್ನ ಎಣಿಕೆಯಲ್ಲೂ ಅಂದಿನ ಊಟಕ್ಕೆ ಹುಣಸೆ ಮೊದಲು, ಕುಡಂಪುಳಿ ಎರಡನೆಯದು, ಅವೆರಡರ ನಡುವಿನ ಅಂತರ ಕೂದಲೆಳೆಯಷ್ಟು. ಕೊದಿಲಿನ ಮಟ್ಟಿಗೆ ಪುನರ್ಪುಳಿ ಬಹಳ ಹಿಂದೆ.

ಕೆಸುವಿನ ಗೆಡ್ಡೆಯ ಕೊದಿಲಿಗೂ ಈ ಕ್ರಮವೇ ನಿಲ್ಲುತ್ತದೆಯೇ ಎಂದು ಆಟಿ ತಿಂಗಳಲ್ಲಿ ನೋಡಹೊರಟೆ. ಕೆಸುವಿನಲ್ಲಿರುವ ಸೂಜಿಯಂಥ ಹರಳುಗಳಿಂದ ಗಂಟಲು ತುರಿಸುತ್ತದೆಂದೇ ಅದಕ್ಕೆ ಹುಳಿ ಧಾರಾಳವಾಗಿ ಹಾಕುವ ಪದ್ಧತಿ. ಅರ್ಧ ಪಾಲಿಗೆ ಹುಣಸೆ, ಅರ್ಧ ಪಾಲಿಗೆ ಕುಡಂಪುಳಿ ಎಂದು ಹೋಳು ಹೆಚ್ಚಿ ಇಟ್ಟಿದ್ದನ್ನು ಕಂಡು ಅತ್ತೆ, "ಪರೀಕ್ಷೆ ಸೌತೆಕಾಯಿಯಲ್ಲಿ ಮಾಡು ಮಗಳೇ, ತುರಿಸುವುದು ನನ್ನ ಗಂಟಲು" ಎಂದು ಭರಣಿಯನ್ನು ಮುಂದೆ ತಂದಿಟ್ಟರು. ಎರಡು ಪಾಲಿಗೂ ಹುಣಸೆಯನ್ನೇ ಹಾಕಿದೆ.