ಕಾಸರಗೋಡು ಪೇಟೆಯ ಸ್ಲೈಸ್ ಪಿಜ್ಜಾ: ಕ್ಯೂ ನಿಲ್ಲುವಷ್ಟು ಉಂಟಾ?

ಸಂಜೆ ಐದೂವರೆಯಿಂದ ಎಂಟರೊಳಗೆ ಹೋಗಿ ಬರೀ ಚೀಸ್ ಸ್ಲೈಸ್ ತಿಂದರೆ, ಹೌದು, ಈ ಅಂಗಡಿಗೆ ಬಂದಿರುವ ಹೆಸರು ನ್ಯಾಯವಾದದ್ದೇ. ಮಧ್ಯಾಹ್ನ ಮೂರಕ್ಕೆ ಹೋಗಿ ಚಿಕನ್ ಸ್ಲೈಸ್ ತಿಂದವರು ಬೈದರೆ ಅದೂ ಸುಳ್ಳಲ್ಲ. ಅಂಗಡಿ ತೆರೆದ ಮೊದಲ ಮಳೆಗಾಲದಿಂದಲೇ, ವಿದ್ಯಾನಗರದಲ್ಲಿ ಕಚೇರಿ ಮುಗಿಸಿ ಬದಿಯಡ್ಕದ ಬಸ್ಸು ಹಿಡಿಯುವ ಮೊದಲು, ಇಲ್ಲಿ ತಿನ್ನುತ್ತಾ ಬಂದಿದ್ದೇನೆ. ಒಂದೇ ಅಂಗಡಿ ಎರಡು ಬಗೆಯ ಪಿಜ್ಜಾ ಕೊಡುವುದು ಯಾಕೆ ಎಂಬುದು ಅರ್ಥವಾಗಲು ನನಗೆ ಅಷ್ಟು ಸಮಯ ಬೇಕಾಯಿತು.

ಇಟಲಿಯ ನೇಪಲ್ಸ್‌ನ ಪಿಜ್ಜಾ 430 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವಿನ ಸೌದೆ ಒಲೆಯಲ್ಲಿ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ನಡುವೆ ಮೆತ್ತಗೆ, ಹಸಿಹಸಿ. ತಟ್ಟೆಯಲ್ಲಿಟ್ಟು ಆಗಲೇ ತಿಂದು ಮುಗಿಸಬೇಕಾದದ್ದು. ಅದನ್ನು ಮಾಡುವ ಕಲೆಯನ್ನು 2017ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ನ್ಯೂಯಾರ್ಕ್‌ನ ಸ್ಲೈಸ್ ಬೇರೆಯೇ ಜಾತಿ. ದೊಡ್ಡದು, ತೆಳು, ಕಡಿಮೆ ಕಾವಿನಲ್ಲಿ ಹೆಚ್ಚು ಹೊತ್ತು ಬೆಂದು ನೀರಿನಂಶ ಕಳೆದುಕೊಂಡದ್ದು. ಹಾಗಾಗಿ ಅದನ್ನು ಕೌಂಟರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಗಿರಾಕಿ ಕೇಳಿದಾಗ ಒಂದು ತುಂಡನ್ನು ಮತ್ತೆ ಓವನ್‌ಗೆ ತಳ್ಳಿದರೆ ತಳ ಇನ್ನೂ ಗರಿಗರಿಯಾಗುತ್ತದೆ. ಎರಡನೇ ಬಿಸಿ ಇಲ್ಲಿ ಕೊರತೆಯಲ್ಲ, ಅದೇ ಸ್ಲೈಸಿನ ಜೀವ. ನಮ್ಮ ಪೇಟೆಯ ಅಂಗಡಿ ಹಿಡಿದಿರುವುದು ಈ ದಾರಿಯನ್ನು. ಕೊಲ್ಲಿಯಲ್ಲಿ ವರ್ಷಗಟ್ಟಲೆ ಅಡುಗೆಮನೆಯಲ್ಲಿ ದುಡಿದು ಬಂದ ಮಾಲಕರಿಗೆ ಈ ಕೆಲಸ ಚೆನ್ನಾಗಿ ಗೊತ್ತು.

ಅವರ ಬೇಸ್ ಬಗ್ಗೆ ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಕಲಸಿದ ಹಿಟ್ಟನ್ನು ಎರಡು ರಾತ್ರಿ ಫ್ರಿಜ್ಜಿನಲ್ಲಿ ಇಡುತ್ತಾರೆ. ಚಳಿಯಲ್ಲಿ ಯೀಸ್ಟ್ ನಿಧಾನವಾಗುತ್ತದೆ, ಆದರೆ ಹಿಟ್ಟಿನ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಕೆಲಸ ನಿಲ್ಲಿಸುವುದಿಲ್ಲ. ಇಡ್ಲಿ ಹಿಟ್ಟಿಗೆ ರಾತ್ರಿ ಕಳೆದ ಮೇಲೆ ಬರುವ ಸಣ್ಣ ಹುಳಿಯಂತೆ ಇದಕ್ಕೂ ಒಂದು ಹುಳಿ, ಒಂದು ಪರಿಮಳ ಬರುತ್ತದೆ. ಓವನ್‌ನಲ್ಲಿ ಆ ಸಕ್ಕರೆಯೇ ಕಂದು ಬಣ್ಣವಾಗುವುದು. ಸ್ಲೈಸನ್ನು ಎತ್ತಿ ತಳ ನೋಡಿ: ಅಲ್ಲಲ್ಲಿ ಕಂದು ಚುಕ್ಕೆ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಇದ್ದರೆ ಎರಡು ರಾತ್ರಿಯ ಹಿಟ್ಟು. ತಳ ಬೆಳ್ಳಗೆ, ಬಾಯಲ್ಲಿ ಬೇಕರಿ ಬನ್ನಿನ ವಾಸನೆ ಬಂದರೆ ಅವತ್ತು ಹಿಟ್ಟು ಮುಗಿದು, ಬೆಳಗ್ಗೆ ಕಲಸಿದ್ದನ್ನೇ ತಟ್ಟಿದ್ದಾರೆ ಎಂದರ್ಥ. ಭಾನುವಾರ ರಾತ್ರಿ ಇದು ಬಹಳ ಸಲ ಆಗುತ್ತದೆ.

ಇನ್ನು ಕ್ಯೂ. ಈ ಜನಜಂಗುಳಿ ಬರೀ ರೀಲ್ಸ್ ನೋಡಿ ಬಂದದ್ದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸ್ಲೈಸ್ ಅಂಗಡಿಗೆ ಜನವೇ ಮುಖ್ಯ ಸಾಮಗ್ರಿ. ಜನ ಇದ್ದಾಗ ಇಡೀ ಪಿಜ್ಜಾ ಹತ್ತು ನಿಮಿಷದಲ್ಲಿ ಖಾಲಿ, ಇನ್ನೊಂದು ಬರುತ್ತದೆ, ಯಾವ ತುಂಡೂ ಗಾಜಿನ ಪೆಟ್ಟಿಗೆಯಲ್ಲಿ ಸೊರಗುವುದಿಲ್ಲ. ಮಧ್ಯಾಹ್ನ ಜನ ಇಲ್ಲದಾಗ ಅದೇ ತುಂಡು ದೀಪದಡಿ ಕೂತಿರುತ್ತದೆ. ಮಳೆಗಾಲದಲ್ಲಂತೂ ನಮ್ಮ ಕರಾವಳಿಯ ತೇವ ಗಾಳಿಗೆ ಅಂಚು ಬೇಗ ಮೆತ್ತಗಾಗಿ ಚರ್ಮದ ಹಾಗಾಗುತ್ತದೆ. ಆಮೇಲೆ ಅದನ್ನು ಓವನ್‌ಗೆ ಹಾಕದೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಕೊಡುತ್ತಾರೆ. ನನಗೆ ನಿಜವಾಗಿ ಬೇಸರ ತರಿಸುವುದು ಇದು. ಅಷ್ಟು ಕಾಳಜಿಯಿಂದ ಎರಡು ರಾತ್ರಿ ಕಾದ ಹಿಟ್ಟನ್ನು ಮೂವತ್ತು ಸೆಕೆಂಡಿನಲ್ಲಿ ರಬ್ಬರ್ ಮಾಡಿಬಿಡುವುದು ಸರಿಯಲ್ಲ. "ಓವನ್‌ನಲ್ಲೇ ಹಾಕಿ, ಕಾಯ್ತೇನೆ" ಎಂದು ಹೇಳಿ. ಹುಡುಗರು ಬೇಡ ಎನ್ನುವುದಿಲ್ಲ. ಕನ್ನಡ, ತುಳು, ಮಲಯಾಳ, ಬ್ಯಾರಿ ಯಾವುದರಲ್ಲಿ ಕೇಳಿದರೂ ಅದರಲ್ಲೇ ಉತ್ತರ ಸಿಗುತ್ತದೆ, ಅದೊಂದು ಸಂತೋಷ.

ಜನ ಮಿತಿಮೀರಿದರೂ ಕಷ್ಟ ಉಂಟು. ರಂಜಾನ್ ತಿಂಗಳಲ್ಲಿ ಉಪವಾಸ ಬಿಟ್ಟ ಮೇಲೆ, ಓಣಂ ರಜೆಯಲ್ಲಿ, ಓವನ್ ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ಒಳಗಿನ ಕಲ್ಲಿನ ಕಾವು ಇಳಿಯುತ್ತದೆ. ಮೇಲೆ ಚೀಸ್ ಕರಗಿರುತ್ತದೆ, ಕೆಳಗೆ ತಳ ಬೆಂದಿರುವುದಿಲ್ಲ. ಅಂಥ ರಾತ್ರಿಗಳಲ್ಲಿ ನಾನು ಪಕ್ಕದಲ್ಲಿ ಒಂದು ಕುಲುಕ್ಕಿ ಸರ್ಬತ್ ಕುಡಿದು ಬಸ್ಸು ಹತ್ತುತ್ತೇನೆ.

ಚೀಸ್ ಒಳ್ಳೆಯದೇ. ಸಸ್ಯದ ಎಣ್ಣೆ ಬೆರೆಸಿದ ಅಗ್ಗದ ಬದಲಿ ಚೀಸ್ ಬಳಸುವ ಅಂಗಡಿಗಳು ಸಾಕಷ್ಟಿವೆ. ಇಲ್ಲಿ ಮಾತ್ರ ಮೊಜರೆಲ್ಲಾ ಪೊಟ್ಟಣಗಳು ಎದುರಿಗೇ ಕಾಣುವಂತೆ ಇರುತ್ತವೆ, ತಿಂದರೂ ತಿಳಿಯುತ್ತದೆ. ಆದರೆ ಚಿಕನ್ ತಂದೂರಿ ಸ್ಲೈಸ್ ನನಗೆ ಹಿಡಿಸಿಲ್ಲ. ತೆಳು ಬೇಸ್ ಮೇಲೆ ಅಷ್ಟೊಂದು ಮಾಂಸ, ಈರುಳ್ಳಿ ಪೇರಿಸಿದರೆ ಅವುಗಳ ನೀರೇ ತಳವನ್ನು ಕೆಡಿಸುತ್ತದೆ. ಕೈಯಲ್ಲಿ ಹಿಡಿದರೆ ತುದಿ ಜೋತುಬೀಳುತ್ತದೆ. ಪೇಟೆಯಲ್ಲಿ ಅಲ್ಫಾಹಮ್, ಬ್ರೋಸ್ಟೆಡ್ ಇಷ್ಟು ಚೆನ್ನಾಗಿ ಸಿಗುವಾಗ ಕೋಳಿಯನ್ನು ಅಲ್ಲಿಯೇ ತಿನ್ನುವುದು ಒಳ್ಳೆಯದು. ಸಸ್ಯಾಹಾರಿಗಳಿಗೆ ಒಂದು ಮಾತು: ಕತ್ತರಿಸುವ ಚಕ್ರ ಎರಡಕ್ಕೂ ಒಂದೇ. ನಮ್ಮ ಅಕ್ಕ ಅದನ್ನು ನೋಡಿ ತಿನ್ನದೆ ವಾಪಸು ಬಂದಳು. ಬೇರೆ ಚಕ್ರ ಇಟ್ಟರೆ ದೊಡ್ಡ ಖರ್ಚೇನೂ ಇಲ್ಲ.

ಬೆಲೆ ಹೆಚ್ಚಾಯಿತು ಎನ್ನುವವರು ಗಾತ್ರದ ಲೆಕ್ಕ ಹಾಕಿ ನೋಡಬೇಕು. 18 ಅಂಗುಲ ವ್ಯಾಸದ ಪಿಜ್ಜಾವನ್ನು 8 ತುಂಡು ಮಾಡಿದರೆ ಒಂದೊಂದೂ ಸುಮಾರು 32 ಚದರ ಅಂಗುಲ. 8 ಅಂಗುಲದ ಇಡೀ ಪಿಜ್ಜಾ ಸುಮಾರು 50 ಚದರ ಅಂಗುಲ ಅಷ್ಟೆ. ಅಂದರೆ 100 ರೂಪಾಯಿಯ ಒಂದು ಚೀಸ್ ಸ್ಲೈಸ್ ಸಣ್ಣ ಪಿಜ್ಜಾದ ಮೂರರಲ್ಲಿ ಎರಡು ಪಾಲಿನ ಹತ್ತಿರ ಬರುತ್ತದೆ. ಒಬ್ಬರಿಗೆ ಸಂಜೆಯ ತಿಂಡಿಗೆ ಧಾರಾಳ.

ಪಾರ್ಸೆಲ್ ಬೇಡ. ಬದಿಯಡ್ಕ ಮುಟ್ಟುವಷ್ಟರಲ್ಲಿ ಡಬ್ಬಿಯೊಳಗಿನ ಹಬೆ ಎಲ್ಲವನ್ನೂ ಒದ್ದೆ ಮಾಡಿರುತ್ತದೆ. ತಂದದ್ದೇ ಆದರೆ ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು, ಎಣ್ಣೆ ಹಾಕದೆ, ಮುಚ್ಚಳ ಮುಚ್ಚಿ ಮೂರ್ನಾಲ್ಕು ನಿಮಿಷ ಬಿಸಿ ಮಾಡಿ. ತಣಿದು ಗಟ್ಟಿಯಾದ ಪಿಷ್ಟ 60 ಡಿಗ್ರಿ ದಾಟಿದರೆ ಮತ್ತೆ ಮೆತ್ತಗಾಗುತ್ತದೆ, ತಳ ಗರಿಯಾಗುತ್ತದೆ.

ಕೊನೆಯದಾಗಿ ಸುರಕ್ಷತೆ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿ ತೀರಿಕೊಂಡದ್ದನ್ನು ಇಲ್ಲಿ ಯಾರೂ ಮರೆತಿಲ್ಲ. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮಯೋನೈಸ್ ನಿಷೇಧಿಸಿತು. ಪಾರ್ಸೆಲ್ ಮೇಲೆ ತಯಾರಿಸಿದ ಸಮಯ, ಎಷ್ಟರೊಳಗೆ ತಿನ್ನಬೇಕು ಎಂಬ ಚೀಟಿ ಕಡ್ಡಾಯವಾಯಿತು. ಈ ಅಂಗಡಿಯಲ್ಲಿ ಮೊಟ್ಟೆಯಿಲ್ಲದ ಮಯೋನೈಸೇ ಕೊಡುತ್ತಾರೆ, ಪಾರ್ಸೆಲ್ಲಿಗೆ ಚೀಟಿಯೂ ಅಂಟಿಸುತ್ತಾರೆ. ಗಾಜಿನ ಪೆಟ್ಟಿಗೆಯ ಪಿಜ್ಜಾಗಳಿಗೆ ಮಾತ್ರ ಸಮಯ ಬರೆದಿರುವುದಿಲ್ಲ. ಓವನ್‌ನಿಂದ ಎಷ್ಟು ಗಂಟೆಗೆ ಹೊರಬಂತು ಎಂದು ಪ್ರತಿ ತಟ್ಟೆಯ ಮುಂದೆ ಒಂದು ಸಣ್ಣ ಹಲಗೆ ಇಡಿ ಎಂದು ಮಾಲಕರಿಗೆ ಹೇಳಿದ್ದೇನೆ, ಅವರು ತಲೆಯಾಡಿಸಿದ್ದಾರೆ. ಸದ್ಯಕ್ಕೆ ಐದರಲ್ಲಿ ಮೂರೂವರೆ. ಆ ಹಲಗೆ ಬಂದು ಮೈಕ್ರೋವೇವ್ ಹೋದರೆ ನಾಲ್ಕೂವರೆ ಕೊಡಲು ನನಗೆ ಏನೂ ಅನುಮಾನವಿಲ್ಲ.