ಟಿವಿಯೊಳಗಿನ ಸ್ಮಾರ್ಟ್ ಸಾಕಾ, ಹೊರಗೊಂದು ಸ್ಟಿಕ್ ಬೇಕಾ?

ನೇರವಾಗಿ ಹೇಳಿಬಿಡುತ್ತೇನೆ. ಟಿವಿಯ ಚಿತ್ರ ಇನ್ನೂ ಚೆನ್ನಾಗಿದ್ದು ಆಪ್‌ಗಳು ಮಾತ್ರ ಸತಾಯಿಸುತ್ತಿದ್ದರೆ ಹೊಸ ಟಿವಿ ತಗೋಬೇಡಿ. ಆಪ್‌ಗಳನ್ನು ತಾನೇ ಓಡಿಸಿ ಟಿವಿಗೆ ಚಿತ್ರ ಕಳಿಸುವ ಪುಟ್ಟ ಸಾಧನ, ಅಂದರೆ ಒಂದು ಸ್ಟ್ರೀಮಿಂಗ್ ಸ್ಟಿಕ್ ತಂದು ಹಿಂದಿನ ಎಚ್‌ಡಿಎಂಐ ಪೋರ್ಟಿಗೆ ಸಿಕ್ಕಿಸಿ, ಸಾಕು. ಹೊಸ ಟಿವಿಯನ್ನೇ ತಗೊಳ್ಳುವವರಾದರೆ ಜೊತೆಗೇ ಸ್ಟಿಕ್ಕನ್ನೂ ತರುವ ಅವಸರ ಬೇಡ. ಟಿವಿಯ ಆಪ್‌ಗಳನ್ನೇ ಬಳಸಿ, ಅವು ನಿಧಾನ ಆದಾಗ ಸ್ಟಿಕ್ ತಂದರಾಯಿತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದ ಮೇಲೆ "ಹಳೇದು ಎಸೆದು ಹೊಸದು ತಗೊಳ್ಳೋಣ" ಅನ್ನುವವರು ನಮ್ಮ ಕಡೆ ಜಾಸ್ತಿ ಆಗಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ರಾಜಾಜಿನಗರದ ನಮ್ಮ ಮನೆಯಲ್ಲಿರುವುದು 2019ರಲ್ಲಿ ತಂದ 43 ಇಂಚಿನ 4ಕೆ ಟಿವಿ. ಕಂಪನಿ ಹೆಸರು ಬೇಡ, ಆ ಬೆಲೆಯ ಸುಮಾರು ಟಿವಿಗಳ ಕಥೆ ಇದೇ. ಪರದೆಯಲ್ಲಿ ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಆದರೆ ರಿಮೋಟ್ ಒತ್ತಿದರೆ ಏನಾದರೂ ಆಗಲು ಕಾಯಬೇಕು. ರಾತ್ರಿ ಬಿಗ್ ಬಾಸ್ ಶುರುವಾಗುವ ಹೊತ್ತಿಗೆ ಜಿಯೋಹಾಟ್‌ಸ್ಟಾರ್ ತೆಗೆದರೆ ಆಪ್ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು, ಮತ್ತೆ ತೆಗೆದರೆ ಜಾಗ ಇಲ್ಲ, ಏನಾದರೂ ಅಳಿಸಿ ಅನ್ನುತ್ತಿತ್ತು, ಅಳಿಸಲು ಅಲ್ಲಿ ಉಳಿದಿದ್ದು ಅಮ್ಮ ನೋಡುವ ಝೀ5 ಒಂದೇ.

ಇದು ಯಾಕೆ ಹೀಗಾಗುತ್ತದೆ ಅನ್ನುವುದು ಗೊತ್ತಿದ್ದರೆ ಆಯ್ಕೆ ಸುಲಭ. ಟಿವಿ ಮಾಡುವವರ ದುಡ್ಡೆಲ್ಲ ಪರದೆಗೆ ಹೋಗುತ್ತದೆ. ಕಡಿಮೆ ಬೆಲೆಯ ಟಿವಿಗಳಲ್ಲಿ 1 ಅಥವಾ 1.5 ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜ್ ಹಾಕುತ್ತಾರೆ, ಅದರಲ್ಲೂ ದೊಡ್ಡ ಪಾಲು ಸಿಸ್ಟಮ್ಮಿಗೇ ಬೇಕು. ಪರದೆ ಎಂಟು ಹತ್ತು ವರ್ಷ ಆರಾಮಾಗಿ ಬಾಳುತ್ತದೆ. ಆಪ್‌ಗಳು ಮಾತ್ರ ವರ್ಷ ವರ್ಷ ಭಾರವಾಗುತ್ತಾ ಹೋಗುತ್ತವೆ, ಒಳಗಿನ ಚಿಪ್ ಅಲ್ಲೇ ಇರುತ್ತದೆ. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ 2010 ಮತ್ತು 2011ರ ಕೆಲವು ಸ್ಯಾಮ್‌ಸಂಗ್ ಟಿವಿಗಳಲ್ಲಿ ತನ್ನ ಆಪ್ ನಿಲ್ಲಿಸಿಬಿಟ್ಟಿತು. ಆ ಟಿವಿಗಳ ಪರದೆಗೆ ಏನೂ ಆಗಿರಲಿಲ್ಲ, ಅಲ್ವಾ?

ಈಗ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. ಎಲ್‌ಜಿಯವರು 2024ರಲ್ಲಿ ತಮ್ಮ ಟಿವಿಗಳನ್ನು ಓಡಿಸುವ ಸಾಫ್ಟ್‌ವೇರ್ ವೆಬ್‌ಓಎಸ್‌ಗೆ ಐದು ವರ್ಷದಲ್ಲಿ ನಾಲ್ಕು ಅಪ್‌ಗ್ರೇಡ್ ಕೊಡುತ್ತೇವೆ ಅಂದರು. ಸ್ಯಾಮ್‌ಸಂಗ್‌ನವರು ಅದೇ ವರ್ಷ ತಮ್ಮ ಹೊಸ ಟಿವಿಗಳಿಗೆ ತಮ್ಮ ಸಾಫ್ಟ್‌ವೇರ್ ಟೈಝೆನ್‌ಗೆ ಏಳು ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟರು. ಇದು ಎಲ್ಲ ಮಾಡೆಲ್‌ಗೂ ಅಂತ ತಿಳಿಯಬೇಡಿ, ನೀವು ನೋಡುತ್ತಿರುವ ಮಾಡೆಲ್‌ಗೆ ಇದೆಯಾ ಅಂತ ಅಂಗಡಿಯಲ್ಲೇ ಕೇಳಿ.

ನಾನು ತಂದದ್ದು ಅಮೆಜಾನ್‌ನ ಮೊದಲ ಫೈರ್ ಟಿವಿ ಸ್ಟಿಕ್ 4ಕೆ. 2018ರಲ್ಲಿ ನಮ್ಮಲ್ಲಿ ಬಂದಾಗ ಅದರ ಬೆಲೆ 5,999 ರೂಪಾಯಿ, ಹಬ್ಬದ ಸೇಲ್‌ಗಳಲ್ಲಿ ಇಳಿಯುತ್ತಿತ್ತು. ರ‍್ಯಾಮ್ ಇದರಲ್ಲೂ 1.5 ಜಿಬಿಯೇ, ಆದರೆ ಈ ಒಂದೇ ಕೆಲಸಕ್ಕೆ ಮಾಡಿದ ಸಾಮಾನು ಆದ್ದರಿಂದ ಓಡುವ ರೀತಿಯೇ ಬೇರೆ. ಆಪ್‌ಗಳು ಥಟ್ಟನೆ ತೆರೆದುಕೊಳ್ಳುತ್ತವೆ, ಒಂದರಿಂದ ಇನ್ನೊಂದಕ್ಕೆ ಹೋಗಿ ಬಂದರೂ ಸುಸ್ತಾಗುವುದಿಲ್ಲ. ಅದೇ ಟಿವಿ, ಅದೇ ಇಂಟರ್ನೆಟ್, ನೋಡುವ ಅನುಭವ ಮಾತ್ರ ಹೊಸದು. ನನಗೆ ನಿಜವಾಗಿ ಖುಷಿಯಾಯಿತು.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇರುವವರು ಇದನ್ನು ಗಮನವಿಟ್ಟು ಓದಿ. ಕಡಿಮೆ ಬೆಲೆಯ ಎಷ್ಟೋ ಟಿವಿಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಬರುತ್ತದೆ. ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರ ರೌಟರ್‌ಗಳೂ ಅದೇ ದಾರಿಯಲ್ಲಿ ಮಾತಾಡುತ್ತಿರುತ್ತವೆ. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಟಿವಿಯಲ್ಲಿ ಚಕ್ರ ತಿರುಗಲು ಶುರು, ನಾವು ಬ್ರಾಡ್‌ಬ್ಯಾಂಡ್‌ನವರಿಗೆ ಫೋನ್ ಮಾಡಿ ಜಗಳ. 4ಕೆ ನೋಡಲು ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್ ಅಷ್ಟೇ. 100 ಎಂಬಿಪಿಎಸ್ ಪ್ಲಾನ್ ಇದ್ದೂ ನಿಲ್ಲುತ್ತಿದ್ದರೆ ತೊಂದರೆ ಹೆಚ್ಚಾಗಿ ರೌಟರಿನಿಂದ ಟಿವಿವರೆಗಿನ ಜಾಗದಲ್ಲೇ ಇರುತ್ತದೆ. ಈ ಸ್ಟಿಕ್ ಅಷ್ಟು ಗದ್ದಲವಿಲ್ಲದ 5 ಗಿಗಾಹರ್ಟ್ಸ್ ವೈಫೈಯನ್ನೂ ಹಿಡಿಯುತ್ತದೆ. ನಮ್ಮ ಮನೆಯ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ರೌಟರ್ ಟಿವಿ ಪಕ್ಕದಲ್ಲೇ ಇದ್ದರೆ ಸ್ಟಿಕ್ಕಿಗೂ ಮುಂಚೆ ಒಂದು ಲ್ಯಾನ್ ಕೇಬಲ್ ಎಳೆದು ನೋಡಿ. ಎಷ್ಟೋ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದೇ, ಆದರೂ ಸಿನಿಮಾಗೆ ಅದು ಧಾರಾಳ.

ಸ್ಟಿಕ್ಕಿಗೆ ಕರೆಂಟು ಅದರ ಅಡಾಪ್ಟರಿಂದಲೇ ಕೊಡಿ. ಟಿವಿಯ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದರೆ ನೋಡಲು ನೀಟಾಗಿರುತ್ತದೆ ನಿಜ, ಆದರೆ ಹಲವು ಪೋರ್ಟ್‌ಗಳು ಅರ್ಧ ಆಂಪಿಯರ್ ಅಷ್ಟೇ ಕೊಡುತ್ತವೆ, ಸ್ಟಿಕ್ಕಿಗೆ ಒಂದು ಬೇಕು. ಸಾಲದೇ ಹೋದರೆ ಮಧ್ಯೆ ಮಧ್ಯೆ ರೀಸ್ಟಾರ್ಟ್ ಆಗುತ್ತದೆ. ಇನ್ನೊಂದು ಮಾತು, ಮಲಗುವ ಮುಂಚೆ ಗೋಡೆ ಸ್ವಿಚ್ ಆರಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆಯಲ್ಲ, ಹಾಗೆ ಮಾಡಿದರೆ ಬೆಳಿಗ್ಗೆ ಟಿವಿ, ಸ್ಟಿಕ್ ಎರಡೂ ಮೊದಲಿಂದ ಏಳಬೇಕು. ಬೆಸ್ಕಾಂ ಕರೆಂಟು ಹೋಗಿ ಬಂದಾಗಲೂ ಅಷ್ಟೇ. ಒಂದೆರಡು ನಿಮಿಷ ಕೊಡಿ, ಹಾಳಾಗಿದೆ ಅಂದುಕೊಳ್ಳಬೇಡಿ.

ಟಿವಿಯ ಆಪ್‌ಗಳೇ ಮೇಲು ಅನ್ನಿಸುವುದು ಎರಡು ಕಡೆ. ಮೊದಲನೆಯದು ರಿಮೋಟ್. ಸೆಟ್‌ಟಾಪ್ ಬಾಕ್ಸಿಗೊಂದು, ಟಿವಿಗೊಂದು, ಈಗ ಸ್ಟಿಕ್ಕಿಗೊಂದು ಅಂದರೆ ವಯಸ್ಸಾದವರಿಗೆ ಕಷ್ಟ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಟಿವಿ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ ಸಿಇಸಿ ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆಮೇಲೆ ಸ್ಟಿಕ್ಕಿನ ರಿಮೋಟಿನಲ್ಲೇ ಟಿವಿ ಆನ್ ಆಗುತ್ತದೆ, ಸೌಂಡೂ ಜಾಸ್ತಿ ಕಮ್ಮಿ ಆಗುತ್ತದೆ. ಎರಡನೆಯದು ಸಿನಿಮಾದ ಓಟ. ಸಿನಿಮಾ ಸೆಕೆಂಡಿಗೆ 24 ಚಿತ್ರ, ಸ್ಟಿಕ್ ಸಾಮಾನ್ಯವಾಗಿ 60ರಲ್ಲಿ ಕಳಿಸುತ್ತದೆ, ಆಗ ಕ್ಯಾಮೆರಾ ಅಡ್ಡಡ್ಡ ಸರಿಯುವಾಗ ಸಣ್ಣ ಜರ್ಕ್ ಕಾಣುತ್ತದೆ. ಟಿವಿಯ ಒಳಗಿನ ಆಪ್‌ಗಳು ಬಹುತೇಕ ಇದನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಸ್ಟಿಕ್ಕಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ ಹೊಂದಿಸುವ ಆಯ್ಕೆಯನ್ನು ನಾವೇ ಹುಡುಕಿ ಆನ್ ಮಾಡಬೇಕು, ಕೆಲವು ಆಪ್‌ಗಳು ಆಗಲೂ ಕೇಳುವುದಿಲ್ಲ.

ಬೆಳಕು, ಬಣ್ಣವನ್ನು ಇನ್ನೂ ಚೆನ್ನಾಗಿ ತೋರಿಸುವ ಡಾಲ್ಬಿ ವಿಷನ್ ಆಸೆಗೆ ಸ್ಟಿಕ್ ತಗೊಳ್ಳುವವರು ಟಿವಿ ಯಾವುದು ಅಂತ ನೋಡಿಕೊಳ್ಳಿ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಅದು ಬರುವುದಿಲ್ಲ, ಯಾವ ಸ್ಟಿಕ್ ಹಾಕಿದರೂ ಅಷ್ಟೇ.

ಆಪಲ್ ಟಿವಿ 4ಕೆ ಬಗ್ಗೆ ತುಂಬ ಜನ ಕೇಳುತ್ತಾರೆ. 2022ರ ಮಾಡೆಲ್ 14,900 ರೂಪಾಯಿಗೆ ಬಂತು, ಲ್ಯಾನ್ ಪೋರ್ಟ್ ಬೇಕೆಂದರೆ 128 ಜಿಬಿಯದೇ ತಗೋಬೇಕು. ಒಳ್ಳೆಯ ಪೆಟ್ಟಿಗೆ, ಚಿಪ್ ಬಹಳ ವೇಗ. ಫೈರ್ ಟಿವಿ, ಗೂಗಲ್ ಟಿವಿಗಳ ಹೋಮ್ ಪರದೆಯಲ್ಲಿ ಕಾಣುವಷ್ಟು ಜಾಹೀರಾತೂ ಇಲ್ಲ. ಆದರೆ ಮನೆಯಲ್ಲಿ ಐಫೋನ್ ಇಲ್ಲದವರು ಅಷ್ಟು ದುಡ್ಡು ಕೊಡುವ ಬದಲು ಅದನ್ನು ಟಿವಿಯ ಪರದೆಗೇ ಹಾಕುವುದು ಮೇಲು. ಇನ್ನು ಏರ್‌ಟೆಲ್, ಜಿಯೋ ಕನೆಕ್ಷನ್ ಜೊತೆ ಬಂದ ಬಾಕ್ಸ್ ಮನೆಯಲ್ಲೇ ಇದ್ದರೆ ಮೊದಲು ಅದನ್ನೇ ಹಾಕಿ ನೋಡಿ.

ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಲ್ಲಾಗಲಿ ಹೆಸರೇ ಕೇಳಿರದ "ಆಂಡ್ರಾಯ್ಡ್ ಬಾಕ್ಸ್" ಅಗ್ಗಕ್ಕೆ ಕಂಡರೆ ದಯವಿಟ್ಟು ಬೇಡ. ಎಷ್ಟೋ ಬಾಕ್ಸ್‌ಗಳ ಒಳಗಿರುವುದು ಟಿವಿಗೆ ಮಾಡಿದ್ದಲ್ಲ, ಫೋನಿನ ಆಂಡ್ರಾಯ್ಡ್. ಕಳ್ಳ ನಕಲು ತಡೆಯಲು ಆಪ್‌ಗಳು ಕೇಳುವ ವೈಡ್‌ವೈನ್ ಎಲ್1 ಸರ್ಟಿಫಿಕೇಟ್ ಇರುವುದಿಲ್ಲ, ಹಾಗಾಗಿ 4ಕೆ ಟಿವಿಯಲ್ಲೂ ನೆಟ್‌ಫ್ಲಿಕ್ಸ್ 480ಪಿ ಮಸುಕಾಗಿ ಬರುತ್ತದೆ. ಅದಕ್ಕಿಂತ ಗಂಭೀರವಾದದ್ದು ಇದೆ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಅನ್ನುವ ಮಾಲ್‌ವೇರ್ ಬಗ್ಗೆ ಎಚ್ಚರಿಸಿತು. ಇಂಥ ಬಾಕ್ಸ್‌ಗಳಲ್ಲಿ ಅದು ಖರೀದಿಗೆ ಮುಂಚೆಯೇ ಇರಬಹುದು, ನಿಮ್ಮ ಮನೆಯ ಇಂಟರ್ನೆಟ್ಟನ್ನೇ ಕಳ್ಳರು ಬಳಸಬಹುದು.

ಸ್ಟಿಕ್ ಹಾಕಿದರೆ ಟಿವಿ ಕಂಪನಿ ನಮ್ಮನ್ನು ನೋಡುವುದು ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಲ್ಲುವುದಿಲ್ಲ. ಪರದೆಯಲ್ಲಿ ಏನು ಓಡುತ್ತಿದೆ ಅಂತ ಗುರುತಿಸುವ ಎಸಿಆರ್ ಅನ್ನುವ ವ್ಯವಸ್ಥೆ ಎಚ್‌ಡಿಎಂಐನಿಂದ ಬಂದ ಚಿತ್ರವನ್ನೂ ಓದಬಲ್ಲದು. ಅಮೆರಿಕದಲ್ಲಿ ವಿಝಿಯೋ ಕಂಪನಿ ಕೇಳದೆ ಹೀಗೆ ಮಾಡಿದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಬೇಕಾಯಿತು. ಸ್ಟಿಕ್ ಹಾಕಿದ ಮೇಲೆ ಟಿವಿಯ ವೈಫೈಯನ್ನು ಮರೆಸಿಬಿಡಿ, ನಾನು ಹಾಗೇ ಮಾಡಿದ್ದೇನೆ.

ತಗೊಳ್ಳುವ ಮುಂಚೆ ನಿಮ್ಮ ಕನ್ನಡದ ಆಪ್‌ಗಳು ಅದರಲ್ಲಿ ಸಿಗುತ್ತವಾ ಅಂತ ಒಂದೊಂದಾಗಿ ನೋಡಿ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣಕ್ಕೆ ಜಿಯೋಹಾಟ್‌ಸ್ಟಾರ್, ಝೀ ಕನ್ನಡಕ್ಕೆ ಝೀ5, ಉದಯಕ್ಕೆ ಸನ್ ನೆಕ್ಸ್ಟ್. ಅಂಗಡಿಯಲ್ಲಿ ಹೊಸ ಟಿವಿ ನೋಡುವಾಗ ಅವರು ಹಾಕಿಟ್ಟ ಡೆಮೊ ವಿಡಿಯೋ ನಿಲ್ಲಿಸಲು ಹೇಳಿ. ಟಿವಿಯನ್ನು ಇಂಟರ್ನೆಟ್ಟಿಗೆ ಸೇರಿಸಿ ಯೂಟ್ಯೂಬ್ ತೆಗೆಸಿ, ಹೋಮಿಗೆ ಬಂದು ಇನ್ನೊಂದು ಆಪ್ ತೆಗೆದು, ಮತ್ತೆ ಯೂಟ್ಯೂಬಿಗೆ ಹೋಗಿ. ರಿಮೋಟ್ ನಿಮ್ಮ ಕೈಯಲ್ಲೇ ಇರಲಿ. ಹೊಸ ಟಿವಿಯೇ ಅಲ್ಲಿ ತಡವರಿಸಿದರೆ ಸ್ಟಿಕ್ಕಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ.