ಇರುವೆಯನ್ನು ಇರುವೆಯಾಗಿಯೇ ಬಿಟ್ಟ ಪುಸ್ತಕ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಂದದ್ದು 2013ರಲ್ಲಿ. ನಾನು ಮೊನ್ನೆ ಎರಡನೇ ಸಲ ಓದಿದೆ. ಚಿಕ್ಕ ಕಾದಂಬರಿ, ಒಂದೇ ಸಂಜೆಗೆ ಮುಗಿಯುತ್ತದೆ. ಕತೆ ಬರೆಯುವ ಆಸೆ ಇರುವವರು ಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.

ಎಷ್ಟೋ ಕತೆಗಳಲ್ಲಿ ಅಜ್ಜ ಸತ್ತರೆ ದೀಪ ಆರುತ್ತದೆ, ಹುಡುಗಿ ಬಿಟ್ಟುಹೋದರೆ ಮಳೆ ಸುರಿಯುತ್ತದೆ, ಸೊಸೆ ಕೊರಗುತ್ತಿದ್ದರೆ ಜಗಲಿಯಲ್ಲಿ ಪಂಜರದ ಗಿಳಿ ಇದ್ದೇ ಇರುತ್ತದೆ. ಸಾಲದ್ದಕ್ಕೆ ಅದರ ಅರ್ಥವನ್ನೂ ಬಿಡಿಸಿ ಹೇಳಿರುತ್ತಾರೆ. ಅಲ್ಲಿಗೆ ನನಗೆ ಕತೆಯ ಮೇಲಿನ ನಂಬಿಕೆ ಹೋಗಿಬಿಡುತ್ತದೆ.

ಇಲ್ಲಿ ಇರುವೆಗಳಿವೆ. ಬೆಂಗಳೂರಿನ ಇಕ್ಕಟ್ಟಾದ ಮನೆ, ಕೈಯಲ್ಲಿ ದುಡ್ಡು ಕಡಿಮೆ, ಇರುವೆ ಕಾಟ ಜಾಸ್ತಿ. ತಿಂಡಿಗೆ ಮುತ್ತಿದ ಇರುವೆಗಳ ಸುತ್ತ ನೀರಿನ ಗೆರೆ ಎಳೆದು ಸಿಕ್ಕಿಸುತ್ತಾರೆ, ಕೆಂಡ ಹೊರಳಿಸಿ ಸುಡುತ್ತಾರೆ. ನಮ್ಮ ಅಡುಗೆಮನೆಯಲ್ಲೂ ಇಂಥದ್ದು ನಡೆದದ್ದೇ ಅಲ್ವಾ? ಆಮೇಲೆ ಕತೆ ಹೇಳುವವನ ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿಯುತ್ತದೆ, ದೊಡ್ಡ ಮನೆಗೆ ಹೋಗುತ್ತಾರೆ, ಆ ಮನೆಯವರು ತಮಗೆ ಬೇಡದ ಮನುಷ್ಯರ ಜೊತೆ ನಡೆದುಕೊಳ್ಳುವುದನ್ನು ನೋಡುವಾಗ ಹಳೇ ಮನೆಯ ಇರುವೆಗಳು ತಾವಾಗಿಯೇ ನೆನಪಿಗೆ ಬರುತ್ತವೆ. ಲೇಖಕರು ನೆನಪು ಮಾಡಿಕೊಡುವುದಿಲ್ಲ. ಆ ಇರುವೆಗೆ ಮೊದಲು ಸಕ್ಕರೆ ಬೇಕು, ತಿಂಡಿ ಬೇಕು. ಅದು ನಿಜವಾದ ಇರುವೆ ಆದದ್ದಕ್ಕೇ ಮುಂದಿನ ಭಾರವನ್ನೂ ಹೊರುತ್ತದೆ.

ಹೆಸರೂ ಹಾಗೇ. ಘಾಚರ್ ಘೋಚರ್ ಯಾವ ನಿಘಂಟಿನಲ್ಲೂ ಇರದ ಮಾತು, ಕತೆ ಹೇಳುವವನ ಹೆಂಡತಿ ಅನಿತಾಳ ತವರಿನಲ್ಲಿ ಮಾತ್ರ ಬಳಕೆಯಲ್ಲಿದ್ದದ್ದು. ಲಂಗದ ಲಾಡಿ ಕಗ್ಗಂಟಾದಾಗ ಅವಳ ಬಾಯಿಂದ ಸುಮ್ನೆ ಬರುತ್ತದೆ.

ಕಾಫಿ ಹೌಸಿನ ಮಾಣಿ ವಿನ್ಸೆಂಟ್ ಬಗ್ಗೆ ಮೊದಲ ಓದಿನಲ್ಲಿ ನನಗೆ ಅನುಮಾನವಿತ್ತು. ಅವನ ಒಂದೊಂದು ಮಾತೂ ಗೂಢ ಅನ್ನುವ ಹಾಗೆ ಬರುತ್ತದಲ್ಲ, ಇದು ಅತಿಯಾಯಿತು ಅನ್ನಿಸಿತ್ತು. ಈ ಸಲ ಗೊತ್ತಾಯಿತು, ಆ ಮಾತುಗಳಲ್ಲಿ ಅರ್ಥ ಹುಡುಕುವವನು ಕತೆ ಹೇಳುತ್ತಿರುವವನೇ. ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನು ಅಲ್ಲಿಗೆ ಹೊತ್ತು ತಂದಿದ್ದಾನೆ, ಮಾಣಿಯ ಸಾಮಾನ್ಯ ಮಾತೂ ಅವನಿಗೆ ದೇವವಾಣಿ. ಇಷ್ಟು ಪ್ರಾಮಾಣಿಕವಾಗಿ ಬರೆಯುವುದು ಕಷ್ಟ.

ಇರುವೆಗಳ ಭಾಗ ಬಂದಾಗ ಈ ಸಲ ನಿಧಾನ ಮಾಡಿದೆ. ಮೊದಲ ಸಲ ಓದುವಾಗ ಅಲ್ಲಿ ನಕ್ಕಿದ್ದೆ.